ಖರ್ಜದ ತಂತಿ

ಸಂಗೀತದ ಮಾತು ಬಂದಾಗ ನಾವು ಹೊಗಳುವುದು ಯಾವಾಗಲೂ ಮೇಲಿನ ಸ್ವರವನ್ನು. ಗವಾಯಿಗಳು ತಾರ ಷಡ್ಜದ ಮೇಲೆ ನಿಂತರೆಂದರೆ ಸಭೆಯೆಲ್ಲ ತಲೆದೂಗುತ್ತದೆ. ಹಾರ್ಮೋನಿಯಂ, ತಬಲಾ ಬಾರಿಸುವವರ ಹೆಸರು ಹಸ್ತಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಎಲ್ಲರ ಹಿಂದೆ ಕುಳಿತು ತಂಬೂರಿಯ ನಾಲ್ಕು ತಂತಿಗಳನ್ನು ಒಂದೇ ಸಮನೆ ಮೀಟುತ್ತಿರುವವನನ್ನು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವುದು ಅವನು ಮೀಟುವುದನ್ನು ನಿಲ್ಲಿಸಿದಾಗ ಮಾತ್ರ. ಆಗ ಹಾಡುವವನೂ ತಿರುಗಿ ನೋಡುತ್ತಾನೆ, ಕೇಳುವವನೂ ನೋಡುತ್ತಾನೆ.

ಹೀಗೆ ಕೆಳಗಿನ ಸ್ವರವನ್ನು ಹಿಡಿದು ಕುಳಿತವರದೊಂದು ಬಳಗವು ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಕಡೆಗೆ ಇದೆ. ಸೋಮವಾರದ ಭಜನೆಯಲ್ಲಿ ತಂಬೂರಿ ಮೀಟುವವರು, ಶಿಶುನಾಳ ಶರೀಫ ಸಾಹೇಬರ ತತ್ತ್ವಪದಗಳಿಗೆ ಏಕತಾರಿ ಹಿಡಿಯುವವರು, ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಹೋಗುತ್ತ ಚೌಡಿಕೆ ಬಾರಿಸುವ ಜೋಗಮ್ಮಂದಿರು, ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿದು ಮೂಲೆಯಲ್ಲಿ ನಿಲ್ಲುವ ತರುಣರು, ಇವರೆಲ್ಲರೂ ಆ ಬಳಗಕ್ಕೆ ಸೇರಿದವರೇ. ಇವರ ಜಾತಿ ಬೇರೆ, ವಯಸ್ಸು ಬೇರೆ, ಹೊಟ್ಟೆಪಾಡಿನ ಉದ್ಯೋಗ ಬೇರೆ. ಆದರೆ ಒಂದೆಡೆ ಕೂಡಿದರೆ ಮಾತೆಲ್ಲ ತಂತಿಯದೇ. ಆ ಮಾತನ್ನು ನಾನು ಮೂರು ವರ್ಷಗಳಿಂದ ಮಠದ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೇನೆ. ಅದರಲ್ಲಿ ಹರಟೆಯೂ ಇದೆ, ಹಳೆಯದರ ಹಂಬಲವೂ ಇದೆ, ವಿಚಾರ ಮಾಡಿ ನೋಡಿದರೆ ಒಂದು ಶಾಸ್ತ್ರವೂ ಇದೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದರ ಬಗೆಗೆ ನನಗೆ ಒಂದು ಪುಸ್ತಕವೂ ದೊರೆಯಲಿಲ್ಲ. ಕಟ್ಟೆಯ ಹಿರಿಯರೊಬ್ಬರು, ಗಜೇಂದ್ರಗಡದಲ್ಲಿ ಕೈಮಗ್ಗ ನಡೆಸಿದವರು, ನಾವೆಲ್ಲ ಕಾಕಾ ಎಂದು ಕರೆಯುವವರು, ಒಂದು ದಿನ ಹೇಳಿದರು: “ತಮ್ಮಾ, ನಿಮ್ಮ ಮನ್ಯಾಗ ಕಾಲೇಜಿನ ಮೆಟ್ಟಲಾ ಹತ್ತಿದಾಂವ ನೀನ ಮೊದಲ ಅದಿ. ಇದನ್ನ ಎಲ್ಲಿಯರೆ ಬರದಿಡು. ಮುಂದ ಹುಡುಗ್ರು ಖರ್ಜ ಅಂದ್ರ ಖರ್ಚು ಅಂತ ತಿಳದಾರು.” ಈ ಲೇಖನಕ್ಕೆ ಅದೇ ಕಾರಣ.

ಖರ್ಜವೆಂದರೆ ಕೆಳಗಿನ ಷಡ್ಜ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಮೊದಲನೆಯದು ಪಂಚಮ, ಮಾಲಕಂಸದಂಥ ಪಂಚಮವಿಲ್ಲದ ರಾಗವಾದರೆ ಅದನ್ನೇ ಮಧ್ಯಮಕ್ಕೆ ಇಳಿಸುತ್ತಾರೆ. ನಡುವಿನ ಎರಡು ತಂತಿಗಳು ಜೋಡಿ ಷಡ್ಜ, ಉಕ್ಕಿನವು. ಕೊನೆಯದು ಹಿತ್ತಾಳೆಯ ದಪ್ಪ ತಂತಿ, ಅದೇ ಖರ್ಜ. ತಂತಿಯ ಧ್ವನಿಯು ಮೂರು ಸಂಗತಿಗಳ ಮೇಲೆ ನಿಂತಿದೆ: ಉದ್ದ, ಬಿಗಿತ ಮತ್ತು ತೂಕ. ಉದ್ದ ಹೆಚ್ಚಾದರೆ ಧ್ವನಿ ಇಳಿಯುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ತೂಕ ಹೆಚ್ಚಿಸಿದರೂ ಇಳಿಯುತ್ತದೆ. ಬಹಳ ಸಡಿಲಿಸಿದರೆ ತಂತಿಯು ಹಗ್ಗದಂತೆ ಬಡಿದಾಡುವುದೇ ಹೊರತು ನಾದ ಕೊಡುವುದಿಲ್ಲ. ಆದ್ದರಿಂದ ದಂಡಿಯನ್ನು ಉದ್ದ ಮಾಡಿ, ತಂತಿಯನ್ನು ದಪ್ಪ ಮಾಡಿ ಹಿರಿಯರು ಈ ತೊಡಕನ್ನು ಬಿಡಿಸಿಕೊಂಡರು.

ಹಾರ್ಮೋನಿಯಂನ ಮೊದಲನೆಯ ಕಪ್ಪು ಮನೆಯನ್ನು ಷಡ್ಜವಾಗಿ ಇಟ್ಟುಕೊಂಡ ಗಂಡು ಧ್ವನಿಗೆ ಜೋಡಿ ತಂತಿಗಳು ಸೆಕೆಂಡಿಗೆ ಸುಮಾರು ೧೩೯ ಸಲ ಕಂಪಿಸುತ್ತವೆ. ಖರ್ಜವು ಅದರ ಅರ್ಧ, ಸುಮಾರು ೬೯ ಸಲ. ಈ ೬೯ನ್ನು ವಾಚಕರು ನೆನಪಿನಲ್ಲಿ ಇಡಬೇಕು, ಮುಂದೆ ಅದರ ಕೆಲಸವಿದೆ.

ಬರಿಯ ತಂತಿಯನ್ನು ಮೀಟಿದರೆ ‘ಟಂವ್’ ಎಂದು ಸತ್ತುಹೋಗುತ್ತದೆ. ತಂಬೂರಿಯ ನಾದವು ಹಾಗೆ ಸಾಯದೆ ಜೇನುಹುಳುವಿನ ಹಾಗೆ ಗುಂಯ್‌ಗುಟ್ಟುತ್ತ ತುಸುಹೊತ್ತು ನಿಲ್ಲುತ್ತದೆ. ಇದರ ಗುಟ್ಟು ಕುದುರೆಯಲ್ಲಿದೆ. ಪಿಟೀಲಿನ ಕುದುರೆಯ ನೆತ್ತಿಯು ಚೂಪು. ತಂಬೂರಿಯ ಕುದುರೆಯ ನೆತ್ತಿಯು ಅಗಲವಾಗಿದ್ದು ಕಣ್ಣಿಗೆ ಕಾಣದಷ್ಟು ಇಳಿಜಾರಾಗಿರುತ್ತದೆ. ತಂತಿಯು ಆ ಇಳಿಜಾರನ್ನು ಸವರುತ್ತ ಕಂಪಿಸುವುದರಿಂದ ಅದರೊಳಗೆ ಅಡಗಿದ ಮೇಲಿನ ಸ್ವರಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ. ಈ ಗುಣಕ್ಕೆ ‘ಜವಾರಿ’ ಎನ್ನುತ್ತಾರೆ. ನಮ್ಮ ಕಡೆಗೆ ಜವಾರಿ ಎಂದರೆ ನಾಡ ತಳಿ: ಜವಾರಿ ಕೋಳಿ, ಜವಾರಿ ಬದನಿಕಾಯಿ. ಎರಡೂ ಶಬ್ದಗಳ ಮೂಲ ಬೇರೆಯಿರಬಹುದು. ಆದರೆ ಕಟ್ಟೆಯ ಮೇಲಿನವರು ಎರಡನ್ನೂ ಒಂದೇ ಪ್ರೀತಿಯಿಂದ ಆಡುತ್ತಾರೆ.

ಜವಾರಿ ತೆರೆಯಲು ತಂತಿ ಮತ್ತು ಕುದುರೆಗಳ ನಡುವೆ ಒಂದು ನೂಲಿನ ಎಳೆಯನ್ನು ಸರಿಸುತ್ತಾರೆ. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ನಾದ ಮುಚ್ಚಿಹೋಗುತ್ತದೆ. ನೂಲು ಯಾವುದಿರಬೇಕೆಂಬುದರ ಮೇಲೆ ಕಟ್ಟೆಯಲ್ಲಿ ನಡೆದಷ್ಟು ಚರ್ಚೆಯು ವಿಧಾನಸಭೆಯಲ್ಲಿ ಅಂದಾಜುಪತ್ರಿಕೆಯ ಮೇಲೆ ನಡೆದಿರಲಿಕ್ಕಿಲ್ಲ. ಒಬ್ಬರಿಗೆ ಹತ್ತಿ ನೂಲೇ ಬೇಕು. ಕಾಕಾ ಅವರು ಮಾತ್ರ ಮಗ್ಗದ ರೇಶಿಮೆ ಎಳೆಯ ಹೊರತು ಬೇರೆಯದನ್ನು ಮುಟ್ಟುವುದಿಲ್ಲ. ಅದನ್ನು ಅಂಗಿಯ ಕಿಸೆಯಲ್ಲಿ, ಅಡಿಕೆಲೆಯ ಚೀಲದೊಳಗೆ ಒಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ.

ಇನ್ನು ಖರ್ಜದ ಅತಿ ದೊಡ್ಡ ಸೋಜಿಗವನ್ನು ಹೇಳಬೇಕು. ತಂಬೂರಿಯ ಯಾವ ತಂತಿಯೂ ಗಾಂಧಾರಕ್ಕೆ ಕೂಡಿಸಿದ್ದಲ್ಲ. ಆದರೂ ಶ್ರುತಿ ಸರಿಯಾಗಿ ಕೂಡಿದ ತಂಬೂರಿಯಲ್ಲಿ ಖರ್ಜವನ್ನು ಮೀಟಿ ಕಿವಿಗೊಟ್ಟರೆ ಗಾಂಧಾರವು ತಾನಾಗಿಯೇ ಕೇಳಿಸುತ್ತದೆ. ಗವಾಯಿಗಳು ಇದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಒಂದು ತಂತಿಯು ಕಂಪಿಸುವಾಗ ಇಡಿಯಾಗಿ ಕಂಪಿಸುವುದಲ್ಲದೆ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು, ಐದನೆಯ ಒಂದು ತುಂಡುಗಳಾಗಿಯೂ ಕಂಪಿಸುತ್ತಿರುತ್ತದೆ. ೬೯ರ ಐದು ಪಟ್ಟು ಸುಮಾರು ೩೪೬. ಇದೇ ಗಾಂಧಾರದ ಸ್ಥಾನ. ಹಾರ್ಮೋನಿಯಂನಲ್ಲಿ ಅದೇ ಗಾಂಧಾರವನ್ನು ಒತ್ತಿದರೆ ಸುಮಾರು ೩೪೯ ಬರುತ್ತದೆ. ಆ ಮೂರು ಕಂಪನಗಳ ಅಂತರವು ನನ್ನಂಥವನಿಗೆ ಗೊತ್ತಾಗುವುದಿಲ್ಲ, ಆದರೆ ಕಿವಿ ಪಳಗಿದವರಿಗೆ ಹಲ್ಲಿನಲ್ಲಿ ಹರಳು ಸಿಕ್ಕಂತಾಗುತ್ತದಂತೆ. ಇಂಥ ಆಕ್ಷೇಪಗಳ ಮೂಲಕವೇ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊರಗಿಟ್ಟಿತ್ತು.

ಆಕಾಶವಾಣಿಯ ಹೆಸರು ಬಂತೆಂದರೆ ಕಟ್ಟೆಯ ಮೇಲೆ ಹಳೆಯ ನೆನಪುಗಳ ಬುತ್ತಿ ಬಿಚ್ಚಿದಂತೆಯೇ. ಧಾರವಾಡ ನಿಲಯವು ೧೯೫೦ರಲ್ಲಿ ಪ್ರಾರಂಭವಾಯಿತು. ಬೆಳಗಿನ ಹೊತ್ತು ಕಾರ್ಯಕ್ರಮ ತೆರೆಯುವ ಮೊದಲು ಬರುವ ಆ ಧುನ್ ಇದೆಯಲ್ಲ, ಪಿಟೀಲಿನದು, ಅದರ ಕೆಳಗೆ ತಂಬೂರಿಯೊಂದು ಮೀಟುತ್ತಿರುತ್ತದೆ. ವಾಲ್ಟರ್ ಕಾಫ್‌ಮನ್ ಎಂಬ ಯುರೋಪಿನ ಸಂಗೀತಗಾರರು ೧೯೩೦ರ ದಶಕದಲ್ಲಿ ಅದನ್ನು ಕಟ್ಟಿದರೆಂದು ಹೇಳುತ್ತಾರೆ. “ಪಿಟೀಲು ಎಲ್ಲಾರಿಗೂ ನೆನಪೈತಿ. ಕೆಳಗ ತಂಬೂರಿ ಐತಿ ಅಂತ ಎಷ್ಟ ಮಂದಿಗೆ ಗೊತ್ತೈತಿ?” ಎಂದು ಕಾಕಾ ಕೇಳಿದಾಗ ನಾನು ಸುಮ್ಮನಾದೆ. ಅಂದು ರಾತ್ರಿ ಮೊಬೈಲಿನಲ್ಲಿ ಹುಡುಕಿ ಕೇಳಿದೆ. ಇದೆ, ಮೊದಲಿಗೇ ಇದೆ.

ಎರಡನೆಯ ಹೆಮ್ಮೆಯ ಮಾತೆಂದರೆ ಪಂಡಿತ ಭೀಮಸೇನ ಜೋಶಿಯವರದು. ಅವರು ಹುಟ್ಟಿದ್ದು ನಮ್ಮ ರೋಣದಲ್ಲಿ, ೧೯೨೨ರ ಫೆಬ್ರುವರಿ ೪ರಂದು. ಬಾಲಕನಾಗಿದ್ದಾಗ ಭಜನೆಯ ಮೇಳ, ಬ್ಯಾಂಡಿನ ಮೇಳ ಕಂಡಲ್ಲಿ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದರಂತೆ. ಕಂಡವರು ಮನೆಗೆ ಮುಟ್ಟಿಸಲೆಂದು ತಂದೆಯವರು ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರಂತೆ. ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕೈಕೆಳಗೆ ಕಲಿತು ಜಗತ್ಪ್ರಸಿದ್ಧರಾದರು, ೨೦೦೮ರಲ್ಲಿ ಭಾರತರತ್ನರಾದರು. ಅವರ ಕಚೇರಿಯ ಬಹುತೇಕ ಚಿತ್ರಗಳಲ್ಲಿ ಬೆನ್ನ ಹಿಂದೆ ಎರಡು ತಂಬೂರಿಗಳು ನಿಂತಿರುತ್ತವೆ. ತಂಬೂರಿ ಹಿಡಿದ ಆ ಶಿಷ್ಯರನ್ನು ನಮ್ಮ ಕಟ್ಟೆಯವರು ಮುಖ್ಯ ಗಾಯಕರಿಗಿಂತ ಹೆಚ್ಚು ಲಕ್ಷ್ಯಕೊಟ್ಟು ನೋಡುತ್ತಾರೆ. ಬೆರಳು ಎಲ್ಲಿದೆ, ದಂಡಿ ಎಷ್ಟು ಓರೆಯಾಗಿದೆ ಎಂದು. ತಂಬೂರಿ ಹಿಡಿದು ಕೂಡ್ರುವುದು ನಮ್ಮ ಸಂಗೀತದಲ್ಲಿ ಶಿಷ್ಯನ ಮೊದಲ ತರಗತಿ. ವರ್ಷಾನುಗಟ್ಟಲೆ ಗುರುವಿನ ಬೆನ್ನ ಹಿಂದೆ ಕುಳಿತು, ಬಾಯಿ ಮುಚ್ಚಿ, ಕಿವಿ ತೆರೆದು ಅವನು ರಾಗವನ್ನು ಕಲಿಯುತ್ತಾನೆ.

ಇಷ್ಟರವರೆಗೆ ತಂಬೂರಿಯ ಮಾತಾಯಿತು. ಬೇಸ್ ಗಿಟಾರಿಗೂ ಇದಕ್ಕೂ ಏನು ಸಂಬಂಧವೆಂದು ಅಧ್ಯಾಪಕರು ಕೇಳಬಹುದು. ಸಂಬಂಧವನ್ನು ತಂದವನು ನರಗುಂದದ ಒಬ್ಬ ತರುಣ. ಹಗಲಿಗೆ ನೀರಿನ ಮೋಟಾರುಗಳ ವೈಂಡಿಂಗ್ ಕೆಲಸ, ಜಾತ್ರೆಯ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್. ಅವನ ವಾದ್ಯಕ್ಕೆ ನಾಲ್ಕು ದಪ್ಪ ತಂತಿಗಳು. ಕೆಳಗಿನಿಂದ ಮೇಲಕ್ಕೆ ಅವು ಸೆಕೆಂಡಿಗೆ ಸುಮಾರು ೪೧, ೫೫, ೭೩, ೯೮ ಸಲ ಕಂಪಿಸುತ್ತವೆ. ವಾಚಕರು ಆಗಿನ ೬೯ನ್ನು ಈಗ ನೆನೆಯಬೇಕು. ತಂಬೂರಿಯ ಖರ್ಜವು ಬೇಸ್ ಗಿಟಾರಿನ ಎರಡನೆಯ ಮತ್ತು ಮೂರನೆಯ ತಂತಿಗಳ ನಡುವೆ ಬಂದು ಕೂಡ್ರುತ್ತದೆ. ಒಂದು ಮಿರಜಿನಲ್ಲಿ ಹುಟ್ಟಿದ್ದು, ಒಂದು ಅಮೇರಿಕೆಯಲ್ಲಿ ಹುಟ್ಟಿದ್ದು. ಆದರೆ ನಾದದ ಲೆಕ್ಕದಲ್ಲಿ ಎರಡೂ ಒಂದೇ ಓಣಿಯವು.

ಮೊದಲು ಪಾಶ್ಚಾತ್ಯರಲ್ಲಿ ಈ ಕೆಳಗಿನ ಸ್ವರಕ್ಕೆ ಆಳೆತ್ತರದ ದೊಡ್ಡ ಪಿಟೀಲು ಇತ್ತು. ಅದನ್ನು ಊರಿಂದೂರಿಗೆ ಹೊತ್ತು ತಿರುಗುವುದೇ ಒಂದು ಶಿಕ್ಷೆ. ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಎಂಬವನು ೧೯೫೧ರಲ್ಲಿ ಕೊರಳಿಗೆ ಹಾಕಿಕೊಳ್ಳುವಂಥ ವಿದ್ಯುತ್ ಬೇಸನ್ನು ಮಾರಾಟಕ್ಕೆ ತಂದನು. ಮನೆಗಳನ್ನು ಕೂಡಿಸಿದ್ದರಿಂದ ಬೆರಳು ಒತ್ತಿದಲ್ಲಿ ಸ್ವರ ಖಚಿತವಾಗಿ ಬರುತ್ತಿತ್ತು. ಅದಕ್ಕೆಂದೇ ಅದರ ಹೆಸರು ಪ್ರಿಸಿಷನ್ ಬೇಸ್. ತಂತಿಯ ಉದ್ದ ೩೪ ಇಂಚು. ತೂಕಕ್ಕಾಗಿ ಒಂದು ತಂತಿಯ ಮೇಲೆ ಇನ್ನೊಂದನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಇದಕ್ಕೆ ಬುರುಡೆಯಿಲ್ಲ. ತಂತಿಯ ಕೆಳಗೆ ಅಯಸ್ಕಾಂತವಿದ್ದು ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ತಂತಿ ಅಲುಗಿದಾಗ ಆ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ, ಅದನ್ನೇ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತಾರೆ. ನಮ್ಮ ತರುಣನಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ದಿನವೂ ಮಾಡುವ ಉದ್ಯೋಗವೇ ಅದು. ತನ್ನ ಬೇಸಿನ ಸುಟ್ಟ ಸುರುಳಿಯನ್ನು ತಾನೇ ಸುತ್ತಿಕೊಂಡನೆಂಬುದು ಕಟ್ಟೆಯ ಮೇಲೆ ಅವನಿಗೆ ಮರ್ಯಾದೆ ತಂದ ಸಂಗತಿ.

ಅವನಿಗೆ ಬೇಸಿನ ಹುಚ್ಚು ಹತ್ತಿದ್ದು ಶಂಕರನಾಗ್ ಅವರ ‘ಗೀತಾ’ ಚಿತ್ರದ ಹಾಡುಗಳಿಂದ. ೧೯೮೧ರ ಚಿತ್ರ, ಇಳಯರಾಜರ ಸಂಗೀತ. ಹಾಡುವವರ ಧ್ವನಿಯನ್ನು ಬದಿಗಿಟ್ಟು ಕೆಳಗಿನದನ್ನಷ್ಟೇ ಕೇಳಿರೆಂದು ಅವನು ನಮಗೆಲ್ಲ ಹೇಳಿದನು. ಹಾಗೆ ಕೇಳಿದಾಗ ಬೇಸು ತಾಳಕ್ಕೆ ಬರಿಯ ಊರುಗೋಲಾಗಿರದೆ ತಾನೇ ಒಂದು ಬೇರೆ ಹಾಡು ಹಾಡುತ್ತಿರುವುದು ತಿಳಿಯಿತು. ಕಾಕಾ ಅವರು ಎರಡು ಸಲ ಕೇಳಿ, “ಖರ್ಜ ಅಡ್ಡ್ಯಾಡಾಕ ಹತ್ತೇತಿ” ಎಂದರು. ಬೇಸ್ ಗಿಟಾರಿನ ಬಗೆಗೆ ಇದಕ್ಕಿಂತ ಚಿಕ್ಕದಾದ, ಸರಿಯಾದ ವ್ಯಾಖ್ಯೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ತಂಬೂರಿಯಲ್ಲಿ ಖರ್ಜ ಕುಳಿತಿರುತ್ತದೆ, ಬೇಸಿನಲ್ಲಿ ನಡೆಯುತ್ತದೆ.

ಆ ದಿನದಿಂದ ಇಬ್ಬರದೂ ಒಂದೇ ಜಗಳ: ತಂತಿ ಹಳೆಯದಿರಬೇಕೋ, ಹೊಸದಿರಬೇಕೋ?

“ಹೊಸಾ ತಂತಿ ಅಂದ್ರ ಹೊಸಾ ಸೊಸಿ ಇದ್ದಂಗ. ಮನಿಗೆ ಹೊಂದಾಕ ದಿನಾ ಬೇಕು,” ಎಂದು ಕಾಕಾ.

“ನಮ್ಮಲ್ಲೂ ಹಂಗ ರೀ ಕಾಕಾ. ಆದ್ರ ಹಳೇದು ಜಾತ್ರ್ಯಾಗ ಮುಂದಿನವರಿಗೆ ಕೇಳ್ಸೂದಿಲ್ರೀ,” ಎಂದು ತರುಣ.

ಅಮೇರಿಕೆಯ ಜೇಮ್ಸ್ ಜೇಮರ್ಸನ್ ಎಂಬ ಬೇಸ್ ವಾದಕರ ಕಥೆಯನ್ನು ಅವನು ಹೇಳಿದ್ದುಂಟು. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಎಷ್ಟೋ ಪ್ರಸಿದ್ಧ ಹಾಡುಗಳಿಗೆ ಬೇಸ್ ಬಾರಿಸಿದವರು ಅವರು. ಬಹಳ ವರ್ಷ ತಟ್ಟೆಗಳ ಮೇಲೆ ಅವರ ಹೆಸರೂ ಇರಲಿಲ್ಲ. ೧೯೮೩ರಲ್ಲಿ ತೀರಿಕೊಂಡರು. ಅವರು ತಂತಿ ಬದಲಿಸುತ್ತಿದ್ದುದು ತುಂಡಾದರೆ ಮಾತ್ರವಂತೆ. ಇದನ್ನು ಕೇಳಿ ಕಾಕಾ ಅವರಿಗಾದ ಸಂತೋಷವನ್ನು ಏನೆಂದು ಹೇಳಲಿ! ಡೆಟ್ರಾಯಿಟು ಗಜೇಂದ್ರಗಡದ ಪಕ್ಕದ ಹಳ್ಳಿಯೆಂಬಂತೆ, “ನೋಡು, ತಿಳದವರು ಎಲ್ಲಾ ಕಡೆ ಇರ್ತಾರ,” ಎಂದರು.

ಇನ್ನೊಂದು ಕಥೆ ಬೀಟಲ್ಸ್ ಮೇಳದ ಪಾಲ್ ಮ್ಯಾಕ್‌ಕಾರ್ಟ್ನಿಯವರದು. ೧೯೬೧ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಅವರ ಪಿಟೀಲಿನ ಆಕಾರದ ಹಾಫ್ನರ್ ಬೇಸು ೧೯೭೨ರಲ್ಲಿ ಲಂಡನ್ನಿನಲ್ಲಿ ಗಾಡಿಯೊಳಗಿಂದ ಕಳುವಾಯಿತು. ಬೇಸ್ ಪ್ರೇಮಿಗಳು ಹುಡುಕುವುದನ್ನು ಬಿಡಲಿಲ್ಲ. ಅದು ಸಿಕ್ಕು ಒಡೆಯನ ಕೈ ಸೇರಿದ ಸುದ್ದಿ ೨೦೨೪ರಲ್ಲಿ ಹೊರಬಿತ್ತು. ಐವತ್ತು ವರ್ಷ ಒಂದು ವಾದ್ಯಕ್ಕಾಗಿ ಜನ ಹಾದಿ ಕಾಯುತ್ತಾರೆಂಬುದು ಕಾಲೇಜಿನ ನನ್ನ ಗೆಳೆಯರಿಗೆ ವಿಚಿತ್ರವೆನಿಸಿತು. ಕಟ್ಟೆಯ ಮೇಲೆ ಯಾರಿಗೂ ವಿಚಿತ್ರವೆನಿಸಲಿಲ್ಲ.

ಯಾಕೆಂದರೆ ಆಗ ನಮ್ಮ ಭಜನಾ ಮಂಡಳಿಯಲ್ಲಿಯೂ ಒಂದು ವಾದ್ಯದ ಪ್ರಶ್ನೆ ಎದ್ದಿತ್ತು. ಮಠದ ತಂಬೂರಿಯ ಬುರುಡೆ ಸೀಳಿತ್ತು, ಕುದುರೆ ಸವೆದು ತಂತಿಗಳು ತೋಡು ಬಿದ್ದಿದ್ದವು. ದುರಸ್ತಿ ಮಾಡಿಸುವುದೋ, ವಿದ್ಯುತ್ ತಂಬೂರಿಯ ಪೆಟ್ಟಿಗೆ ತರುವುದೋ? ಈ ಪೆಟ್ಟಿಗೆಯೂ ಕನ್ನಡ ನಾಡಿನದೇ ಹುಟ್ಟು, ಬೆಂಗಳೂರಿನ ಜಿ. ರಾಜ್ ನಾರಾಯಣ ಅವರು ೧೯೭೯ರಲ್ಲಿ ಅದನ್ನು ರೂಪಿಸಿದರು. ಅದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಒಬ್ಬಂಟಿಯಾಗಿ ರಿಯಾಜು ಮಾಡುವವರಿಗೆ, ಊರೂರು ತಿರುಗುವವರಿಗೆ ಅದು ವರವೇ ಸರಿ. ಈಗಂತೂ ಮೊಬೈಲಿನಲ್ಲಿಯೇ ತಂಬೂರಿ ಬರುತ್ತದೆ. ಆದರೆ ಮೊಬೈಲಿನ ಚಿಕ್ಕ ಸ್ಪೀಕರು ನೂರು ಕಂಪನಗಳಿಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ಹೊರಡಿಸಲಾರದು. ಖರ್ಜದ ೬೯ ಅದರಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಇದ್ದಂತೆ ಕೇಳಿಸುವುದು ನಮ್ಮ ಕಿವಿಯ ಉಪಾಯ: ೧೩೯, ೨೦೮, ೨೭೭ ಎಂಬ ಮೇಲಿನ ಕಂಪನಗಳು ಕಿವಿಗೆ ಬಿದ್ದರೆ, ಇವುಗಳ ಬುಡದಲ್ಲಿ ೬೯ ಇರಲೇಬೇಕೆಂದು ಮೆದುಳು ತಾನೇ ತುಂಬಿಕೊಳ್ಳುತ್ತದೆ.

ಪೆಟ್ಟಿಗೆಯ ನಾದ ಕೆಟ್ಟದ್ದೆಂದು ನಾನು ಹೇಳಲಾರೆ. ನನ್ನ ತಕರಾರು ಬೇರೆ. ಪೆಟ್ಟಿಗೆಯ ಹತ್ತಿರ ಯಾರೂ ಕೂಡ್ರಬೇಕಾಗಿಲ್ಲ. ಗುಂಡಿ ಒತ್ತಿದರೆ ಮುಗಿಯಿತು. ಅದಕ್ಕೆ ನೂಲು ಬೇಡ, ನೂಲಿನ ಬಗೆಗೆ ಜಗಳವೂ ಬೇಡ. ಬಿರಡೆ ತಿರುವುತ್ತ ಕಾಲು ಗಂಟೆ ಕಳೆಯುವುದೂ ಇಲ್ಲ, ಆ ಕಾಲು ಗಂಟೆಯಲ್ಲಿ ಏಳುವ ಮಾತೂ ಇಲ್ಲ. ಜವಾರಿಯ ವಿದ್ಯೆಯು ನಮ್ಮಲ್ಲಿ ಹೀಗೆ ಮಾತಿನಲ್ಲಿಯೇ ಉಳಿದು ಬಂದದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಇಳಿಜಾರನ್ನು ಬೆರಳಿನಿಂದ, ಶ್ರುತಿಯನ್ನು ಕಿವಿಯಿಂದ ತಿಳಿಯಬೇಕಾದಲ್ಲಿ ಪುಸ್ತಕಕ್ಕಿಂತ ಪಕ್ಕದಲ್ಲಿ ಕುಳಿತ ಮನುಷ್ಯನೇ ಮುಖ್ಯ.

ಮಂಡಳಿಯಲ್ಲಿ ಎರಡು ಪಕ್ಷಗಳಾದವು. ಪೆಟ್ಟಿಗೆಯ ಪಕ್ಷದವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: “ದುರಸ್ತಿ ಮಾಡಸ್ತೀರಿ, ಖರೆ. ಕಾಕಾನ ಹಿಂದ ಬಾರಸವ್ರು ಯಾರದಾರ?” ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ಇತ್ಯರ್ಥ ಮಾಡಿದವನು ಬೇಸಿನ ತರುಣನೇ. ಆ ವರ್ಷದ ಜಾತ್ರೆಯ ತನ್ನ ಸಂಭಾವನೆಯನ್ನು ಕಟ್ಟೆಯ ಮೇಲೆ ಇಟ್ಟು, ಮಿರಜಿಗೆ ತಾನೂ ಬರುವೆನೆಂದನು. ಹಾಗಾಗಿ ನಾವು ಮೂವರು ತಂಬೂರಿಗೆ ಕೌದಿ ಸುತ್ತಿ, ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಹಾದು ರೈಲಿನಲ್ಲಿ ಮಿರಜಿಗೆ ಹೋದೆವು.

ಮಿರಜು ತಂತಿವಾದ್ಯಗಳ ತವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿಯ ಸಂಸ್ಥಾನಿಕರ ಆಶ್ರಯದಲ್ಲಿ, ಮೊದಲು ಆಯುಧಗಳ ಕೆಲಸ ಮಾಡುತ್ತಿದ್ದ ಮನೆತನದ ಫರೀದ ಸಾಹೇಬರು ಈ ಕಸಬನ್ನು ಹಿಡಿದರೆಂದು ಪ್ರತೀತಿ. ಬುರುಡೆ ಬರುವುದು ಮಂಗಳವೇಢೆಯ ಕಡೆಯಿಂದ, ಕಟ್ಟಿಗೆ ಬರುವುದು ನಮ್ಮ ಕರ್ನಾಟಕದಿಂದ. ೨೦೨೪ರಲ್ಲಿ ಮಿರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ೧೯೩೭ರಲ್ಲಿ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದೂ ಅಲ್ಲಿಯ ದರ್ಗೆಯ ಬಳಿಯಲ್ಲಿಯೇ. ಕಾಕಾ ಅವರು ಅಂಗಡಿಗಿಂತ ಮೊದಲು ಅಲ್ಲಿಗೆ ಹೋಗಿ ಕೈಮುಗಿದು ಬಂದರು.

ಅಂಗಡಿಯ ಮುದುಕರು ಕೆಲಸಕ್ಕಿಂತ ಮೊದಲು ಮಾತಿಗೆ ಕುಳಿತರು. ಅರ್ಧ ಮರಾಠಿ, ಅರ್ಧ ಕನ್ನಡ. ಬುರುಡೆಯನ್ನು ಬೆರಳಿನಿಂದ ತಟ್ಟಿ, ಇದನ್ನು ಬದಲಿಸುವುದು ಬೇಡ, ಸೀಳನ್ನು ತುಂಬಿದರೆ ಸಾಕು, ಇಷ್ಟು ಒಣಗಿದ ಬುರುಡೆ ಈಗ ಸಿಕ್ಕುವುದಿಲ್ಲವೆಂದರು. ಕುದುರೆಯನ್ನು ಕಾನಸಿನಿಂದ ನಾಲ್ಕು ಸಲ ಸವರುವುದು, ತಂತಿ ಏರಿಸಿ ಮೀಟುವುದು, ಮತ್ತೆ ಇಳಿಸಿ ಸವರುವುದು, ಹೀಗೆ ಮಧ್ಯಾಹ್ನವೆಲ್ಲ ನಡೆಯಿತು. ನೂಲಿನ ಹೊತ್ತು ಬಂದಾಗ ಕಾಕಾ ಅವರು ಬೆಂಕಿಪೆಟ್ಟಿಗೆಯನ್ನು ಮುಂದಿಟ್ಟರು. ಮುದುಕರು ರೇಶಿಮೆ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನಷ್ಟು ಇದ್ದರೆ ಕಳಿಸಿಕೊಡಿರೆಂದರು. ಹಿಂದಿರುಗುವಾಗ ಕಾಕಾ ಅವರು ಈ ಮಾತನ್ನು ಬೆಳಗಾವಿಯವರೆಗೆ ನಾಲ್ಕು ಸಲ ಹೇಳಿದರು.

ಈಗ ತಂಬೂರಿಯು ಮಠದಲ್ಲಿದೆ. ಪೆಟ್ಟಿಗೆಯನ್ನೂ ಮಂಡಳಿಯವರು ತಂದಿದ್ದಾರೆ. ಕಾಕಾ ಅವರಿಗೆ ಮಂಡಿನೋವಾದ ದಿನ ಅದು ನಡೆಯುತ್ತದೆ. ಉಳಿದ ಸೋಮವಾರಗಳಲ್ಲಿ ಅವರ ಮೊಮ್ಮಗಳು, ಒಂಬತ್ತನೆಯ ಇಯತ್ತೆಯ ಹುಡುಗಿ, ಪಕ್ಕದಲ್ಲಿ ಕುಳಿತು ಮೀಟಲು ಕಲಿಯುತ್ತಿದ್ದಾಳೆ. ಪಂಚಮವನ್ನು ಅವಸರದಿಂದ ಮೀಟಿ ಖರ್ಜದ ಮೇಲೆ ತಡೆಯುತ್ತಾಳೆ. ಬೇಸಿನ ತರುಣ, “ತಂಗೀ, ಎಣಸಬ್ಯಾಡ, ಉಸರಾಡ್ಸಿದಂಗ ಮೀಟು,” ಎಂದು ಹೇಳಿಕೊಡುತ್ತಾನೆ. ಗಾಂಧಾರ ಕೇಳಿಸಿತೇ ಎಂದು ಕಾಕಾ ಪ್ರತಿ ಸಲವೂ ಕೇಳುತ್ತಾರೆ. ಇಲ್ಲವೆಂದು ಆಕೆ ತಲೆಯಾಡಿಸುತ್ತಾಳೆ. ನನಗೆ ಅದು ಕೇಳಿಸಲು ಎಂಟು ತಿಂಗಳು ಹಿಡಿದಿತ್ತು. ಆಕೆಗಿನ್ನೂ ಮೂರನೆಯ ತಿಂಗಳು.